ಮಾವನವರ ಅರ್ಧ ಇಂಚಿನ ಗುಂಡು

ಸೊಲ್ಲಾಪುರದ ನವಿ ಪೇಠದ ನಮ್ಮ ಅರಿವೆ ಅಂಗಡಿಗೆ ಬರುತ್ತಿದ್ದ ಬಟ್ಟೆಯ ಬೇಲುಗಳನ್ನು ಬಿಗಿದ ತಂತಿಯ ತುದಿಯಲ್ಲಿ ಸೀಸದ ಒಂದು ಚಪ್ಪಟೆ ಮುದ್ರೆ ಇರುತ್ತಿತ್ತು. ಬೇಲು ಬಿಚ್ಚುವಾಗ ಅದನ್ನು ಕತ್ತರಿಸಿ ಬೀದಿಗೆ ಎಸೆಯುವುದು ರೂಢಿ. ಮದುವೆಯಾದ ವರ್ಷದಿಂದ ನಾನು ಎಸೆಯುವುದನ್ನು ಬಿಟ್ಟು, ಗಲ್ಲಾಪೆಟ್ಟಿಗೆಯ ಕೆಳಗೆ ಇಟ್ಟ ಡಬ್ಬಿಯಲ್ಲಿ ಹಾಕುತ್ತ ಬಂದೆ. ದಸರೆ ಹತ್ತಿರ ಬಂದಾಗ ಡಬ್ಬಿ ತುಂಬಿರುತ್ತಿತ್ತು. ಮಾವನ ಮನೆಗೆ ಬೇರೆಯವರು ಪೇಢೆ ಒಯ್ಯುತ್ತಾರೆ, ನಾನು ಸೀಸ ಒಯ್ಯುತ್ತಿದ್ದೆ.

ಅಕ್ಕಲಕೋಟೆಯ ಬಸ್ಸಿನಲ್ಲಿ ಆ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಕೂಡುತ್ತಿದ್ದೆ. ಒಮ್ಮೆ ಕುಂಭಾರಿಯಲ್ಲಿ ಹತ್ತಿದ ಒಬ್ಬ ಮುದುಕಿ ನಿಲ್ಲಲು ಜಾಗ ಮಾಡಿಕೊಳ್ಳಲೆಂದು ಅದನ್ನು ಕಾಲಿನಿಂದ ಸರಿಸಲು ನೋಡಿದಳು. ಚೀಲ ಅಲುಗಲಿಲ್ಲ. ಗಾಬರಿಯಾಗಿ ಕಾಲು ಹಿಂದೆ ತೆಗೆದು ಕೈ ಮುಗಿದು, ಒಳಗೆ ದೇವರ ಮೂರ್ತಿ ಇದೆಯೇನೆಂದು ಕೇಳಿದಳು. ಇಲ್ಲ, ಮಾವನವರ ಸಾಮಾನು ಎಂದೆ. ಅವಳು ದಾರಿಯುದ್ದಕ್ಕೂ ನನ್ನನ್ನು ಕನಿಕರದಿಂದ ನೋಡಿದಳು.

ಮಾವನವರು ಅಕ್ಕಲಕೋಟೆಯ ಕೋರ್ಟಿನಲ್ಲಿ ವಕೀಲರು. ಅವರ ತಂದೆ ಸಂಸ್ಥಾನದ ಕಾಲದಲ್ಲಿ ಕಾರಕೂನರಾಗಿದ್ದರು. ಕೆಲಸ ಬಿಡುವಾಗ ಅವರಿಗೆ ಒಂದು ಶಾಲು, ಒಂದು ಹಳೆಯ ವಿಲಾಯತಿ ರೈಫಲ್ಲು ಕೊಟ್ಟಿದ್ದರಂತೆ. ಶಾಲನ್ನು ನುಸಿ ತಿಂದಿತು. ರೈಫಲ್ಲು ಉಳಿಯಿತು. ಒಂಟಿ ನಳಿಗೆ, ಕೆಳಗಿನ ಸನ್ನೆಯನ್ನು ಒತ್ತಿದರೆ ಹಿಂದಿನ ಬಾಯಿ ತೆರೆಯುತ್ತಿತ್ತು. ನಳಿಗೆಯ ತೂತು ಅರ್ಧ ಇಂಚು. ಹುಲಿ, ಕಾಡೆಮ್ಮೆಗಳಿಗೆಂದು ಮಾಡಿದ್ದು. ಅದು ಬಂದು ಸೇರಿದ್ದು ಮಾತ್ರ ತತ್ತಿಯನ್ನೂ ಹೊಸ್ತಿಲು ದಾಟಿಸದ ಮನೆಗೆ. ನಾನು ಕಂಡಂತೆ ಅದು ಒಂದು ಇಲಿಯನ್ನೂ ಕೊಂದಿರಲಿಲ್ಲ. ವರ್ಷಕ್ಕೊಮ್ಮೆ ದಸರೆಯ ಸಂಜೆ, ಊರ ಹೊರಗಿನ ತಮ್ಮ ಹೊಲದಲ್ಲಿ, ಬಾವಿ ತೋಡಿದ ಮಣ್ಣಿನ ದಿಬ್ಬದ ಮೇಲೆ ಸುಣ್ಣ ಬಳಿದ ಒಂದು ಗಡಿಗೆಯನ್ನು ಇಟ್ಟು ಮಾವನವರು ಅದಕ್ಕೆ ಗುಂಡು ಹೊಡೆಯುತ್ತಿದ್ದರು. ಅವರ ತಂದೆಯೂ ಹಾಗೆಯೇ ಮಾಡುತ್ತಿದ್ದರು. ಆ ಸಪ್ಪಳ ಊರಿನಲ್ಲಿ ಕೇಳಿದ ಮೇಲೆ ಮನೆಯಲ್ಲಿ ಅತ್ತೆಯವರು ಆರತಿಗೆ ದೀಪ ಹಚ್ಚುತ್ತಿದ್ದರು.

ಆ ಅಳತೆಯ ಕಾಡತೂಸು ಪೇಟೆಗೆ ಬರುವುದು ನಿಂತು ಎಷ್ಟೋ ವರ್ಷವಾಗಿತ್ತು. ಹಿತ್ತಾಳೆಯ ಹಳೆಯ ಕೊಳವೆಗಳು ಮಾತ್ರ ಉಳಿದಿದ್ದವು. ಅವನ್ನೇ ಮತ್ತೆ ಮತ್ತೆ ತುಂಬಿಕೊಳ್ಳಬೇಕು. ಮದ್ದನ್ನೂ, ಕೊಳವೆಯ ತಳದಲ್ಲಿ ಕೂಡಿಸುವ, ಕಿಡಿ ಹಾರಿಸುವ ಟಿಕಳಿಯನ್ನೂ ಲೈಸನ್ಸು ತೋರಿಸಿ ಸೊಲ್ಲಾಪುರದಿಂದ ತರುತ್ತಿದ್ದರು. ಗುಂಡನ್ನು ಮನೆಯ ಹಿತ್ತಲಿನಲ್ಲಿ ತಾವೇ ಎರಕ ಹೊಯ್ಯುತ್ತಿದ್ದರು.

ನಾನು ಹೇಳುತ್ತಿರುವ ವರ್ಷ, ಎಪ್ಪತ್ತರ ದಶಕದ ನಡುವೆ ಒಂದು, ಬೇಸಿಗೆಯಲ್ಲಿ ಮಾವನವರ ಬಲಗಣ್ಣಿಗೆ ಮೋತಿಬಿಂದುವಿನ ಪೊರೆ ತೆಗೆಯುವ ಆಪರೇಶನ್ ಆಯಿತು. ದಪ್ಪ ಗಾಜಿನ ಕನ್ನಡಕ ಬಂತು. ಒಂದು ದಿನ ಚಹಾದ ಕಪ್ಪನ್ನು ಅವರು ಮೇಜಿನ ಅಂಚಿಗೆ ಇಡಲು ಹೋಗಿ ಗಾಳಿಯಲ್ಲಿ ಇಟ್ಟರು. ಅಂದೇ ಅತ್ತೆಯವರು ರೈಫಲ್ಲನ್ನು ಠಾಣೆಗೆ ಜಮಾ ಮಾಡಿಬಿಡಿ ಎಂದು ಹಟ ಹಿಡಿದರು. ವರ್ಷದ ಕೊನೆಗೆ ಲೈಸನ್ಸು ಹೊಸದು ಮಾಡಿಸಬೇಕಿತ್ತು. ಮಾಡಿಸುವುದು ಬೇಡ ಎಂದರು. ಮಾವನವರು ವಾರಗಟ್ಟಲೆ ವಾದಿಸಿದರು. ಗೆಲ್ಲಲಿಲ್ಲ. ಕೊನೆಗೆ ಇಬ್ಬರಿಗೂ ಒಂದು ಕರಾರಾಯಿತು. ಅದಕ್ಕೆ ನಾನೇ ಸಾಕ್ಷಿ. ಊಟಕ್ಕೆ ಕೂತಿದ್ದೆ, ಅತ್ತೆಯವರು ಭಕ್ಕರಿ ಬಡಿಸುತ್ತಿದ್ದರು.

“ಈ ದಸರಾಕ್ಕ ನಿಮ್ಮ ಕೈಲೆ ಮಾಡಿದ ಗುಂಡಿನಿಂದ, ನಿಮ್ಮ ಕೈಲೆ, ಗಡಗಿ ಒಡೀರಿ. ಒಡದ್ರ ಅದು ಮನ್ಯಾಗ ಇರ್ಲಿ, ನಾ ಬಾಯಿ ತೆಗ್ಯಂಗಿಲ್ಲ. ಒಡೀಲಿಲ್ಲಂದ್ರ ಮರದಿನಾನ ಠಾಣೇಕ್ಕ.”

“ಕಬೂಲ,” ಎಂದರು ಮಾವನವರು. ನನ್ನ ಕಡೆ ತಿರುಗಿ, “ಜಾವಯಿಬಾಪು, ಕೇಳೀರಲ್ಲ? ನಾಳೆ ಇಕಿ ಜಬಾನಿ ಬದಲಸ್ತಾಳ,” ಎಂದರು. ಅತ್ತೆಯವರು ಅವರ ತಾಟಿಗೆ ಮತ್ತೊಂದು ಭಕ್ಕರಿ ಹಾಕಿದರು.

ಸಾಕ್ಷಿ ಎಂಬ ಮಾತು ಆ ಮನೆಯಲ್ಲಿ ದಿನಬಳಕೆಯದು. ಯಾವುದನ್ನೇ ಹೇಳಹೊರಟರೂ ಮಾವನವರು ನಡುವೆ ತಡೆದು, ತಿಳಿದುಕೊಂಡದ್ದು ಬೇಡ, ನೋಡಿದ್ದಷ್ಟು ಹೇಳಿ ಎನ್ನುತ್ತಿದ್ದರು. ಅಂಗಡಿಯಲ್ಲಿ ಬೆಳೆದ ನನಗೆ ಸರಕನ್ನು ಇದ್ದದ್ದಕ್ಕಿಂತ ಚಂದ ಮಾಡಿ ಹೇಳುವ ಚಟವಿತ್ತು. ಅದನ್ನು ಬಿಡಿಸಿದವರು ಅವರು. ಈಗ ಇದನ್ನು ಬರೆಯುವಾಗಲೂ ಅದೇ ಎಚ್ಚರದಲ್ಲಿ ಬರೆಯುತ್ತಿದ್ದೇನೆ.

ದಸರೆಗೆ ಮುಂಚಿನ ರವಿವಾರ ಗುಂಡು ಹೊಯ್ದೆವು. ಹಿತ್ತಲಿನಲ್ಲಿ ಇದ್ದಿಲಿನ ಶೇಗಡಿ ಹೊತ್ತಿಸಿ, ಹಿಡಿಕೆ ಇದ್ದ ಕಬ್ಬಿಣದ ಸೌಟಿನಲ್ಲಿ ನನ್ನ ಮುದ್ರೆಗಳನ್ನು ಹಾಕಿದರು. ಅವು ಬಹಳ ಹೊತ್ತು ಹಾಗೆಯೇ ಇದ್ದು, ಆಮೇಲೆ ಒಮ್ಮೆಲೇ ಕುಸಿದವು. ಬರಿಯ ಸೀಸ ಮೆತ್ತಗೆ. ಅದಕ್ಕೆಂದು ಕಲಾಯಿಯವನ ಕಡೆಯಿಂದ ಒಂದು ತವರದ ಕಡ್ಡಿ ತಂದಿಟ್ಟಿದ್ದರು. ಪಾತ್ರೆಗಳಿಗೆ ಕಲಾಯಿ ಮಾಡಿಸುವಾಗ ಅತ್ತೆಯವರ ಕಣ್ಣು ತಪ್ಪಿಸಿ ಕೊಂಡದ್ದು. ಅದನ್ನು ತುಂಡು ಮಾಡಿ ಬೆರೆಸಿದರು. ಒಂದು ಚೂರು ಜೇನುಮೇಣ ಹಾಕಿದಾಗ ಹೊಗೆ ಎದ್ದು, ಕಿಟ್ಟವೆಲ್ಲ ಮೇಲೆ ಬಂತು. ಕಿಟ್ಟ ತೆಗೆದ ಮೇಲೆ ಸೌಟಿನಲ್ಲಿ ಅವರ ಕನ್ನಡಕ ಕಾಣುತ್ತಿತ್ತು.

ಅಚ್ಚು ಅಡಕೊತ್ತಿನಂತೆ ಎರಡು ಹಿಡಿಕೆಯದು. ಅದು ಕಾಯುವ ತನಕ ಹೊಯ್ದ ಗುಂಡುಗಳು ಮುದುಕರ ಕೆನ್ನೆಯ ಹಾಗೆ ಸುಕ್ಕಾಗಿ ಬಿದ್ದವು. ಅವನ್ನೆಲ್ಲ ತಿರುಗಿ ಸೌಟಿಗೆ ಹಾಕಿದರು. ಅಚ್ಚು ಕಾದ ಮೇಲೆ ಬಿದ್ದವು ಬೇರೆ. ನುಣ್ಣಗೆ, ಹೆಬ್ಬೆರಳಿನ ತುದಿಯಷ್ಟು ದಪ್ಪ, ಹೊಟ್ಟೆಯ ಸುತ್ತ ಗೀರಿನ ಉಂಗುರ. ಒಂದೊಂದನ್ನೂ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ, ಹಗುರವಾದದ್ದನ್ನು ಒಳಗೆ ಗಾಳಿ ಸೇರಿದೆ ಎಂದು ಪಕ್ಕಕ್ಕಿಟ್ಟರು. ಅಂಚನ್ನು ಕಣ್ಣಿನಿಂದ ನೋಡುವುದಕ್ಕಿಂತ ಹೆಚ್ಚಾಗಿ ಬೆರಳಿನಿಂದ ನೋಡುತ್ತಿದ್ದರು.

ಈ ಕೆಲಸ ನಡೆದಾಗ ನೀರು ಹತ್ತಿರ ಬರಕೂಡದು. ಕರಗಿದ ಸೀಸದಲ್ಲಿ ಒಂದು ಹನಿ ಬಿದ್ದರೂ ಸಿಡಿದು ಮುಖಕ್ಕೆ ಬರುತ್ತದೆ. ಅತ್ತೆಯವರು ಒದ್ದೆ ಕೈಯಲ್ಲಿ ಹಿತ್ತಲ ಬಾಗಿಲಿಗೆ ಬಂದಾಗೆಲ್ಲ ಮಾವನವರು ಸೌಟು ಹಿಡಿದೇ ಕೂಗಿ ನಿಲ್ಲಿಸುತ್ತಿದ್ದರು. ಅತ್ತೆಯವರು ಹೊಸ್ತಿಲಾಚೆ ನಿಂತೇ ಮಾತಾಡುತ್ತಿದ್ದರು. ಸೀಸ ಆರಿದ ಮೇಲೆ ನೀರಿನ ಮಾತು ಯಾರೂ ಎತ್ತಲಿಲ್ಲ. ಎತ್ತಬೇಕೆಂದು ನಮಗೆ ಹೊಳೆಯಲೂ ಇಲ್ಲ.

ಗುಂಡಿನ ಗೀರಿಗೆ ಜಿಡ್ಡು ತುಂಬಬೇಕು, ಇಲ್ಲದಿದ್ದರೆ ಸೀಸ ನಳಿಗೆಗೆ ಹತ್ತಿಕೊಳ್ಳುತ್ತದೆ. ವಿಲಾಯತಿಯವರು ಕೊಬ್ಬು ಬಳಸುತ್ತಿದ್ದರಂತೆ. ಇಲ್ಲಿ ಅದು ಆಗದ ಮಾತು. ಮಾವನವರ ಬೆರಕೆಯೇ ಬೇರೆ. ಜೇನುಮೇಣ ದುಧನಿಯ ಒಬ್ಬ ಕಕ್ಷಿದಾರ ತಂದುಕೊಟ್ಟದ್ದು. ಅದಕ್ಕೆ ಮನೆಯ ತುಪ್ಪ. ತುಪ್ಪಕ್ಕಾಗಿ ಪ್ರತಿ ವರ್ಷ ಅಡುಗೆಮನೆಯ ಬಾಗಿಲಲ್ಲಿ ಒಂದು ವಿಚಾರಣೆ ನಡೆಯುತ್ತಿತ್ತು.

“ಬಂದೂಕಿಗೆ ತುಪ್ಪ, ಅಳಿಯಗ ಒಣಾ ಭಕ್ಕರಿ,” ಎಂದರು ಅತ್ತೆಯವರು. “ನಡೀಲಿ. ಅದೂ ಈ ಮನೀ ಮಗನ ಆಗೇದ.” ಹೀಗೆ ಹೇಳುತ್ತ ಬಟ್ಟಲು ತುಂಬಿಸಿಯೇ ಕೊಟ್ಟರು.

ಮದ್ದಿಗೂ ಗುಂಡಿಗೂ ನಡುವೆ ರಟ್ಟಿನ ಬಿಲ್ಲೆ ಇಡುತ್ತಾರೆ. ನಮ್ಮ ಮದುವೆಯಲ್ಲಿ ಹಂಚಿ ಉಳಿದ ಲಗ್ನಪತ್ರಿಕೆಗಳು ಅಟ್ಟದ ಮೇಲಿದ್ದವು; ನನ್ನ ತಂದೆ ನವಿ ಪೇಠದ ಮರ್ಯಾದೆಗೆಂದು ದಪ್ಪ ಕಾಗದದಲ್ಲೇ ಅಚ್ಚು ಹಾಕಿಸಿದ್ದರು. ಮಾವನವರು ಅವನ್ನು ಉಳಿಯಿಂದ ದುಂಡಗೆ ಕತ್ತರಿಸುತ್ತಿದ್ದರು. ನಿಮ್ಮ ಲಗ್ನದಲ್ಲಿ ನನಗೆ ದಕ್ಕಿದ್ದು ಇದಿಷ್ಟೇ ಎನ್ನುತ್ತಿದ್ದರು. ಅಂದು ಸಂಜೆಗೆ ಐದು ಕಾಡತೂಸು ತಯಾರಾದವು. ನನ್ನ ಹೆಂಡತಿ ಚಹಾ ತಂದವಳು ಒಂದು ಬಿಲ್ಲೆ ಎತ್ತಿ ನೋಡಿ, ಅದರಲ್ಲಿ ತನ್ನ ಹೆಸರಿನ ಅರ್ಧ ಇದೆ ಎಂದು ತೆಗೆದಿಟ್ಟುಕೊಂಡಳು. ಕಾಡತೂಸುಗಳನ್ನು ತಗಡಿನ ಡಬ್ಬಿಯಲ್ಲಿ ಹಾಕಿ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಆ ಮನೆಯ ಎಲ್ಲ ಕೀಲಿಗಳೂ ಅತ್ತೆಯವರ ಸೊಂಟದಲ್ಲಿರುತ್ತಿದ್ದವು.

ಖಂಡೇನವಮಿಯ ದಿನ ನಾನು ಸೊಲ್ಲಾಪುರದಲ್ಲಿದ್ದೆ, ಅಂಗಡಿಯ ಪೂಜೆಗೆ. ಅಕ್ಕಲಕೋಟೆಯಲ್ಲಿ ಎಂದಿನಂತೆ ಮಣೆಯ ಮೇಲೆ ರೈಫಲ್ಲು, ಈಳಿಗೆ, ತಕ್ಕಡಿ, ಮಾವನವರ ಫೌಂಟನ್ ಪೆನ್ನು ಇಟ್ಟು ಪೂಜೆಯಾಯಿತಂತೆ. ಮರುದಿನ ದಸರೆ. ಮಧ್ಯಾಹ್ನ ನಾನು ಅಲ್ಲಿಗೆ ಬಂದೆ. ಬಿಸಿಲು ಇಳಿದ ಮೇಲೆ ಮಾವನವರೂ ನಾನೂ ಹೊಲಕ್ಕೆ ಹೋದೆವು. ರೈಫಲ್ಲಿಗೆ ಕುಂಕುಮದ ಬೊಟ್ಟು, ಕೊರಳಿಗೆ ಚೆಂಡುಹೂವು. ನಳಿಗೆಯ ಬಾಯಲ್ಲಿ ಹೂವಿನ ಎಸಳು ಸಿಕ್ಕಿದೆಯೋ ಎಂದು ಮಾವನವರು ಎರಡು ಸಲ ನೋಡಿದರು. ಅಷ್ಟು ಎಚ್ಚರದ ಮನುಷ್ಯ.

ನಾನು ದಿಬ್ಬಕ್ಕೆ ಹೋಗಿ ಗಡಿಗೆ ಇಟ್ಟು ಬಂದೆ. ಮಾವನವರು ಕಿವಿಗೆ ಹತ್ತಿ ತುರುಕಿಕೊಂಡು, ಒಂದು ಕಲ್ಲಿನ ಮೇಲೆ ಮೊಣಕೈ ಊರಿ ಕೂತರು. ನಾನು ಅವರ ಎಡಕ್ಕೆ, ಎರಡು ಹೆಜ್ಜೆ ಹಿಂದೆ ನಿಂತೆ. ಅವರು ಬಹಳ ಹೊತ್ತು ಗುರಿ ಹಿಡಿದರು. ಕನ್ನಡಕ ಸರಿಮಾಡಿಕೊಂಡು ಮತ್ತೆ ಹಿಡಿದರು.

ಆ ರೈಫಲ್ಲಿನ ಸಪ್ಪಳ ನನಗೆ ಗೊತ್ತಿತ್ತು. ಎದೆಗೆ ಗುದ್ದಿದಂತೆ ಬರುತ್ತದೆ. ಎದುರಿಗೆ ಬಿಳಿ ಹೊಗೆಯ ಗೋಡೆ ಏಳುತ್ತದೆ. ದಿಬ್ಬದಿಂದ ಮಣ್ಣು ಚಿಮ್ಮುತ್ತದೆ. ಆಮೇಲೆ ಊರಿನ ಕಡೆಯಿಂದ ಅದೇ ಸಪ್ಪಳ ಸಣ್ಣದಾಗಿ ತಿರುಗಿ ಬರುತ್ತದೆ. ಅಂದು ಕೇಳಿದ್ದು ಗೋಣಿಚೀಲವನ್ನು ನೆಲಕ್ಕೆ ಹಾಕಿದಂಥ ಸಪ್ಪಳ. ನಳಿಗೆಯ ಬಾಯಿಯಿಂದ ಬೀಡಿಯ ಹೊಗೆಯಷ್ಟು ಹೊಗೆ ಮೆಲ್ಲಗೆ ಹೊರಬಂತು. ಗಡಿಗೆ ಹಾಗೇ ಇತ್ತು. ದಿಬ್ಬವೂ ಹಾಗೇ ಇತ್ತು.

ಮಾವನವರಿಗೆ ಗಡಿಗೆಯ ಬಿಳಿಯಷ್ಟೇ ಕಾಣುತ್ತಿತ್ತು. ಕಿವಿಯಲ್ಲಿ ಹತ್ತಿ. ಗುರಿ ತಪ್ಪಿತು ಎಂದುಕೊಂಡರು. ಸನ್ನೆ ಒತ್ತಿ ಖಾಲಿ ಕೊಳವೆ ತೆಗೆದರು, ಡಬ್ಬಿಯಿಂದ ಇನ್ನೊಂದು ತೆಗೆದು ಒಳಗೆ ದೂಡಿ ಬಾಯಿ ಮುಚ್ಚಿದರು. ಕೆನ್ನೆಯನ್ನು ಮತ್ತೆ ಹಿಡಿಕೆಗೆ ಒತ್ತಿದರು.

ನನಗೆ ಬಂದೂಕಿನ ವಿದ್ಯೆ ಗೊತ್ತಿರಲಿಲ್ಲ. ಏನಾಗಿದೆ ಎಂದು ತಿಳಿದು ನಾನು ಅವರನ್ನು ತಡೆದೆ ಎಂದರೆ ಸುಳ್ಳಾಗುತ್ತದೆ. ಹೋದ ವರ್ಷ ಕಂಡದ್ದು ಈ ವರ್ಷ ಕಾಣಲಿಲ್ಲ, ಅಷ್ಟೇ. ನಾನು ಮುಂದೆ ಬಂದು ಅವರ ಭುಜದ ಮೇಲೆ ಕೈ ಇಟ್ಟೆ. ಮಾವನನ್ನು ಮುಟ್ಟಿ ಮಾತಾಡಿಸಿದ್ದು ಅದೇ ಮೊದಲು.

“ಮಾವಾರ, ತಡೀರಿ. ಮಣ್ಣು ಏಳಲಿಲ್ಲ.”

ಅವರು ಹತ್ತಿ ತೆಗೆದರು. ಇನ್ನೊಮ್ಮೆ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ಬೆರಳನ್ನು ಕುದುರೆಯಿಂದ ತೆಗೆದು, ನಿಧಾನವಾಗಿ ಬಾಯಿ ತೆರೆದು, ಕಾಡತೂಸು ಹೊರತೆಗೆದು ಅಂಗೈಯಲ್ಲಿಟ್ಟುಕೊಂಡರು. ಆಮೇಲೆ ನಳಿಗೆಯನ್ನು ಹಿಂದಿನಿಂದ ಆಕಾಶಕ್ಕೆ ಹಿಡಿದು ಎಡಗಣ್ಣಿನಿಂದ ನೋಡಿ, ನನ್ನ ಕೈಗೆ ಕೊಟ್ಟರು. ಬೆಳಕು ಕಾಣಬೇಕಾದಲ್ಲಿ ಕತ್ತಲೆಯಿತ್ತು. ಮೊದಲ ಗುಂಡು ನಡುನಳಿಗೆಯಲ್ಲಿ ಸಿಕ್ಕಿಕೊಂಡು ಕೂತಿತ್ತು. ಅದರ ಹಿಂದೆ ಎರಡನೆಯದನ್ನು ಹೊಡೆದಿದ್ದರೆ ಮದ್ದಿಗೆ ಹೋಗಲು ದಾರಿ ಇರುತ್ತಿರಲಿಲ್ಲ. ನಳಿಗೆ ಒಡೆಯುತ್ತಿತ್ತು. ಅವರ ಕೆನ್ನೆ ಅಲ್ಲಿಯೇ ಇತ್ತು, ಎಡಗೈಯೂ ಅಲ್ಲಿಯೇ ಇತ್ತು.

ಇಬ್ಬರೂ ಬದುವಿನ ಮೇಲೆ ಕೂತೆವು. ಮಾವನವರು ಅಂಗೈಯಲ್ಲಿದ್ದ ಕಾಡತೂಸನ್ನು ಬೆರಳಿನಿಂದ ಸವರಿದರು, ಮೂಗಿಗೆ ಹಿಡಿದರು, ನನ್ನ ಮೂಗಿಗೂ ಹಿಡಿದರು. ಕೊಬ್ಬರಿ ಎಣ್ಣೆಯ ವಾಸನೆ. ತಳದ ಟಿಕಳಿಯ ಸುತ್ತ ಕೂದಲೆಳೆಯಷ್ಟು ಹಳದಿ ಗೆರೆ. ಅರಿಷಿಣ. ಎಣ್ಣೆ ಒಳಗೆ ಇಳಿದು ಮದ್ದನ್ನು ಕೆಡಿಸಿತ್ತು.

ಅವರು ನಗಲು ನೋಡಿದರು. ಆಗಲಿಲ್ಲ. “ನಿಮ್ಮ ಅತ್ತಿ ನೀರ ಎರದಾಳ, ಅಳಿಯಂದ್ರ,” ಎಂದರು. “ಹಡದ ಕೂಸಿಗೆ ಎರದಂಗ ಎರದಾಳ.”

ದಾರಿಯಲ್ಲಿ ಎದುರಾದವರೆಲ್ಲ ಬನ್ನಿ ಕೊಟ್ಟು ನಮಸ್ಕಾರ ಮಾಡಿದರು. ಕೆಲವರು, ಈ ಸಲ ಸಪ್ಪಳ ಕೇಳಲೇ ಇಲ್ಲವಲ್ಲ ವಕೀಲರೇ ಎಂದೂ ಕೇಳಿದರು. ಮಾವನವರು ಎಲ್ಲರಿಗೂ ಬನ್ನಿ ಕೊಟ್ಟು ಮುಂದೆ ನಡೆದರು. ಮನೆಗೆ ಬಂದಾಗ ಅತ್ತೆಯವರು ಬಾಗಿಲಲ್ಲಿಯೇ ಇದ್ದರು. ಆರತಿಯ ತಾಟು ಸಿದ್ಧವಿತ್ತು, ದೀಪ ಹಚ್ಚಿರಲಿಲ್ಲ. ಸಪ್ಪಳಕ್ಕೆ ಕಾದಿದ್ದರು.

ಅವರು ಗಂಡನನ್ನು ಕೇಳಲಿಲ್ಲ, ನನ್ನನ್ನು ಕೇಳಿದರು. ನಾನು ಮಾವನವರ ಮುಖ ನೋಡಿದೆ. ಅವರು ಮುಚ್ಚಿಡಲು ಸನ್ನೆ ಮಾಡಿದ್ದರೆ ನಾನು ಮುಚ್ಚಿಡುತ್ತಿದ್ದೆ. ಅವರು ಚಪ್ಪಲಿ ಬಿಡುತ್ತ, “ನೋಡಿದ್ದಷ್ಟ ಹೇಳ್ರಿ,” ಎಂದರು.

ಹೇಳಿದೆ. ಸಪ್ಪಳ, ಹೊಗೆ, ಏಳದ ಮಣ್ಣು, ಎರಡನೆಯ ಕಾಡತೂಸು, ನಳಿಗೆಯ ಕತ್ತಲೆ, ಎಣ್ಣೆ, ಅರಿಷಿಣ. ಒಂದು ಮಾತೂ ಹೆಚ್ಚಿಗೆ ಸೇರಿಸಲಿಲ್ಲ. ಹೇಳುತ್ತ ಹೋದಂತೆ ಅತ್ತೆಯವರು ತಾಟನ್ನು ಮೆಲ್ಲಗೆ ಕಟ್ಟೆಯ ಮೇಲೆ ಇಟ್ಟರು. ಆಮೇಲೆ ಅವರು ಆಡಿದ್ದು ಇಷ್ಟೇ.

“ಈಳಗಿಗೆ ಪೂಜಾ ಆತು, ಪೆನ್ನಿಗೆ ಆತು. ಅಷ್ಟು ಕಷ್ಟಾ ಪಟ್ಟು ಮಾಡಿದವು, ಅವಕ್ಕ ಏನೂ ಇಲ್ಲ. ಅದಕ್ಕ ಎಣ್ಣಿ ಅರಿಷಿಣ ಹಚ್ಚಿ, ಬಿಸಿನೀರು ಎರದು, ಒರಸಿ ಇಟ್ಟೆ. ಇವರ ಗಡಗಿ ಒಡೀಲಿ ಅಂತ.”

ನಾನು ತಲೆ ತಗ್ಗಿಸಿದೆ. ರೈಫಲ್ಲು ಮನೆಯಿಂದ ಹೋಗಲಿ ಎಂದು ಬೇಸಿಗೆಯಿಂದ ಜಗಳವಾಡಿದವರು ಅವರು. ಮಾವನವರು ಅವರ ಕೈಗೆ ಬನ್ನಿಯ ಎಲೆ ಕೊಟ್ಟು, ಆದದ್ದು ಆಯಿತು, ಕರಾರಿನಂತೆ ನಾಳೆ ಠಾಣೆಗೆ ಕೊಟ್ಟು ಬರುತ್ತೇನೆ ಎಂದು ಒಳಗೆ ಹೋದರು. ಆ ರಾತ್ರಿ ಅವರೊಬ್ಬರೇ ಕೂತು, ಕಟ್ಟಿಗೆಯ ಕೋಲಿನಿಂದ ಸಣ್ಣಗೆ ತಟ್ಟಿ ತಟ್ಟಿ ಸಿಕ್ಕಿದ್ದ ಗುಂಡನ್ನು ಹೊರತೆಗೆದರು. ತಟ್ಟುವ ಸಪ್ಪಳ ನನಗೆ ಕೇಳುತ್ತಿತ್ತು.

ಮರುದಿನ ಏಕಾದಶಿ. ಬೆಳಿಗ್ಗೆ ಎದ್ದಾಗ ಅತ್ತೆಯವರು ಪಡಸಾಲೆಯಲ್ಲಿ ಲಗ್ನಪತ್ರಿಕೆಗಳ ಕಟ್ಟನ್ನೂ ಉಳಿಯನ್ನೂ ಮುಂದಿಟ್ಟುಕೊಂಡು ಕೂತಿದ್ದರು. ಮಾವನವರು ಠಾಣೆಗೆ ಅರ್ಜಿ ಬರೆಯಲು ಕಾಗದ ಹುಡುಕುತ್ತಿದ್ದರು.

“ಕರಾರ ಏನಿತ್ತು?” ಎಂದು ಅತ್ತೆಯವರು ತಲೆ ಎತ್ತದೆ ಕೇಳಿದರು. “ನಿಮ್ಮ ಕೈಲೆ ಮಾಡಿದ ಗುಂಡು ಅಂತ ಇತ್ತು. ನಿನ್ನಿ ಅವು ನಿಮ್ಮ ಕೈಯಾಗಿನವು ಇರಲಿಲ್ಲ, ನನ್ನ ಕೈ ಹತ್ತಿತ್ತು. ನಿನ್ನಿದು ಲೆಕ್ಕಕ್ಕಿಲ್ಲ. ಎಷ್ಟು ಬಿಲ್ಲಿ ಬೇಕ್ರಿ?”

ಮಾವನವರು ಕಾಗದ ಹಿಡಿದು ನಿಂತರು. ಅಷ್ಟು ವರ್ಷದ ವಕೀಲಿಯಲ್ಲಿ ಅವರಿಗೆ ಆ ಮಾತು ಹೊಳೆದಿರಲಿಲ್ಲ. “ಒಂದ ಸಾಕು,” ಎಂದರು.

ಆ ದಿನ ಒಂದೇ ಕಾಡತೂಸು ತುಂಬಿದರು. ಕೊಳವೆಯನ್ನು ಬಿಸಿಲಿಗೆ ಒಣಗಿಸಿ, ಹೊಸ ಟಿಕಳಿ, ಹೊಸ ಮದ್ದು, ರವಿವಾರದ ಗುಂಡುಗಳಲ್ಲಿ ಉಳಿದಿದ್ದ ಒಂದು. ಅತ್ತೆಯವರು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ದೂರ ಕೂತು ನೋಡಿದರು. ಸಂಜೆ, ನಾನೂ ಬರುತ್ತೇನೆ ಎಂದು ನಮ್ಮ ಜೊತೆ ಹೊಲಕ್ಕೆ ಹೊರಟರು. ಮದುವೆಯಾದ ಮೇಲೆ ಆ ರೈಫಲ್ಲಿನ ಸಪ್ಪಳವನ್ನು ಅವರು ಹತ್ತಿರದಿಂದ ಕೇಳಿದ್ದು ಅಂದೇ ಮೊದಲು.

ಎದೆಗೆ ಗುದ್ದು ಬಿತ್ತು. ಬಿಳಿ ಹೊಗೆ ಎದ್ದಿತು. ಹೊಗೆ ಪಕ್ಕಕ್ಕೆ ಸರಿದಾಗ ನಾನು ಕಂಡದ್ದು ಹೀಗೆ: ಗಡಿಗೆಯ ಕೆಳಗೆ ಒಂದು ಗೇಣಿನಷ್ಟು ಅಂತರದಲ್ಲಿ ಮಣ್ಣು ಚಿಮ್ಮಿತ್ತು. ದಿಬ್ಬದ ಅಂಚು ಜರಿದು ಗಡಿಗೆ ವಾಲಿತು, ಸ್ವಲ್ಪ ಹೊತ್ತು ಯೋಚಿಸುವಂತೆ ನಿಂತು, ಉರುಳಿ ಕೆಳಗಿನ ಕಲ್ಲಿಗೆ ಬಿದ್ದು ಚೂರಾಯಿತು. ಊರಿನ ಕಡೆಯಿಂದ ಸಪ್ಪಳ ತಿರುಗಿ ಬಂತು.

ಅತ್ತೆಯವರು ಕಿವಿಯಿಂದ ಕೈ ತೆಗೆದರು. ಅವರಿಗೆ ಹೊಗೆಯಲ್ಲಿ ಏನೂ ಕಂಡಿರಲಿಲ್ಲ. “ಅಳಿಯಂದ್ರ, ಗಡಗಿ ಒಡೀತೋ ಇಲ್ಲೋ? ನೋಡಿದ್ದಷ್ಟ ಹೇಳ್ರಿ.”

“ಒಡೀತ್ರಿ,” ಎಂದೆ.

ಮಾವನವರು ಹಿಂದೆ ತಿರುಗಿ ಏನೋ ಹೇಳಹೋದರು. ಗುಂಡು ಕೆಳಗೆ ಬಿದ್ದದ್ದು ಭುಜಕ್ಕೆ ಗೊತ್ತಾಗಿರಬೇಕು. ಅತ್ತೆಯವರು ಅವರ ಕಡೆ ನೋಡದೆ, “ನಾ ನಿಮ್ಮನ್ನ ಕೇಳಿಲ್ಲ,” ಎಂದು ಸೆರಗು ಸಿಕ್ಕಿಸಿಕೊಂಡು ಮನೆಯ ದಾರಿ ಹಿಡಿದರು. ದೀಪ ಹಚ್ಚುವುದು ಬಾಕಿ ಇತ್ತು.